ಜಪಾನಿನ ಹಿರಿಯರನ್ನು ಒಟ್ಟಿಗೆ ಕೂರಿಸಿ ಹಾಡಿಸೋದು ಹೇಗೆ? ಶೋವಾ ಕಾಲದ ಖುಷಿಯ ಹಾಡುಗಳು

ಜಪಾನಿನ ಡೇ ಸರ್ವಿಸ್‌ನಲ್ಲಿ (ಹಿರಿಯರು ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗುವ ಆರೈಕೆ ಕೇಂದ್ರ) ಕೆಲಸಕ್ಕೆ ಸೇರಿದ ನಮ್ಮ ಕಡೆಯವರಿಗೆ, ಭಾಷೆ ಸ್ವಲ್ಪ ಹಿಡಿತಕ್ಕೆ ಬಂತು ಅನ್ನುವಷ್ಟರಲ್ಲಿ ಒಂದು ಕೆಲಸ ಹೆಗಲಿಗೆ ಬೀಳುತ್ತದೆ. ಅದೇ ಮಧ್ಯಾಹ್ನದ ‘ರೆಕು’, ಅಂದರೆ ರಿಕ್ರಿಯೇಷನ್. ಊಟ ಮುಗಿದ ಮೇಲೆ, ಮೂರು ಗಂಟೆಯ ತಿಂಡಿಗೆ ಮುಂಚೆ, ಬಂದಿರುವ ಹಿರಿಯರನ್ನೆಲ್ಲ ಸೇರಿಸಿಕೊಂಡು ಏನಾದರೂ ಮಾಡಿಸಬೇಕು. ಬಲೂನ್ ಆಟ, ಒರಿಗಾಮಿ, ಕೂತಲ್ಲೇ ವ್ಯಾಯಾಮ ಎಲ್ಲವೂ ಇವೆ. ಆದರೆ ಭಾಷೆ ಪೂರ್ತಿ ಬಾರದ ನಮ್ಮಂಥವರಿಗೆ ಹಾಡಿನಷ್ಟು ಕೈ ಹಿಡಿಯುವುದು ಬೇರೆ ಯಾವುದೂ ಇಲ್ಲ. ಮಾತಿಗೆ ತಡಕಾಡುವವರ ಬಾಯಲ್ಲೂ ಹಾಡು ಪೂರ್ತಿ ಬರುತ್ತದೆ. ಅವರಿಗೂ ಅಷ್ಟೇ, ನಮಗೂ ಅಷ್ಟೇ.

2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ನಡುವೆ ನುರಿತ ಕೆಲಸಗಾರರ ವೀಸಾ ಬಗ್ಗೆ ಒಪ್ಪಂದ ಆದ ಮೇಲೆ ಕೈಗೊ ಕೆಲಸಕ್ಕೆ, ಅಂದರೆ ವಯಸ್ಸಾದವರ ಆರೈಕೆಗೆ, ನಮ್ಮವರಿಗೂ ದಾರಿಯಾಗಿದೆ. ಹಾಗೆ ಬಂದವರಿಗೆ, ಬರಲು ಜಪಾನೀಸ್ ಕಲಿಯುತ್ತಿರುವವರಿಗೆ, ಇಲ್ಲೇ ನೆಲೆಸಿ ಪಕ್ಕದ ಕೇಂದ್ರಕ್ಕೆ ವಾರಕ್ಕೊಮ್ಮೆ ಸುಮ್ನೆ ಸಹಾಯಕ್ಕೆ ಹೋಗುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ, ಆಮೇಲೆ ಹಾಡು

ವಯಸ್ಸಾದವರು ಅಂದ ತಕ್ಷಣ ಶಾಲೆಯ ಮಕ್ಕಳ ಹಾಡುಗಳನ್ನೇ ಸಾಲಾಗಿ ಹಾಡಿಸುವ ಅಭ್ಯಾಸ ತುಂಬಾ ಕಡೆ ಇದೆ. ಅದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬ ಮನುಷ್ಯನಿಗೆ ಜೀವನವಿಡೀ ಹತ್ತಿರವಾಗಿ ಉಳಿಯುವ ಹಾಡುಗಳು ಹೆಚ್ಚಾಗಿ ಹದಿನೈದರಿಂದ ಇಪ್ಪತ್ತೈದರ ಒಳಗೆ ಕೇಳಿದವು. ನಮ್ಮ ಮನೆಯ ಹಿರಿಯರಿಗೆ ಪಿ.ಬಿ. ಶ್ರೀನಿವಾಸ್ ದನಿ ಕೇಳಿದರೆ ಮುಖ ಅರಳುತ್ತದೆ ನೋಡಿ, ಹಾಗೆಯೇ. ಅವರನ್ನು ಕೂರಿಸಿ ಬರೀ ಶಿಶುಗೀತೆ ಹಾಡಿಸಿದರೆ ಅವರಿಗೆ ಹೇಗಿರುತ್ತದೆ?

ಹಾಗಾಗಿ ಲೆಕ್ಕ ಹಾಕಿ. ಕೇಂದ್ರದ ಫೈಲಿನಲ್ಲಿ ಹುಟ್ಟಿದ ವರ್ಷವನ್ನು ಸಾಮಾನ್ಯವಾಗಿ ಶೋವಾ ಲೆಕ್ಕದಲ್ಲಿ, ಅಂದರೆ 1926ರಿಂದ 1989ರವರೆಗೆ ಆಳಿದ ಚಕ್ರವರ್ತಿಯ ಕಾಲದ ಲೆಕ್ಕದಲ್ಲಿ, ಬರೆದಿರುತ್ತಾರೆ. ಶೋವಾ ವರ್ಷಕ್ಕೆ 1925 ಕೂಡಿಸಿದರೆ ನಮಗೆ ಗೊತ್ತಿರುವ ಇಸವಿ ಸಿಗುತ್ತದೆ. ಶೋವಾ 15 ಅಂದರೆ 1940. ಅದಕ್ಕೆ ಹದಿನೈದು ಸೇರಿಸಿ, ಇಪ್ಪತ್ತೈದು ಸೇರಿಸಿ: 1955ರಿಂದ 1965. ಅವರ ಹಾಡುಗಳನ್ನು ಆ ಹತ್ತು ವರ್ಷದಲ್ಲಿ ಹುಡುಕಿ. ಯುದ್ಧ ಮುಗಿದ ಮೇಲೆ 1947ರಿಂದ 1949ರ ನಡುವೆ ಹುಟ್ಟಿದ ದೊಡ್ಡ ತಲೆಮಾರಿದೆ, ಇಲ್ಲಿ ಅವರನ್ನು ‘ದಂಕಾಯ್’ ಅನ್ನುತ್ತಾರೆ. ಅವರೆಲ್ಲ ಈಗ ಎಪ್ಪತ್ತೈದು ದಾಟಿದ್ದಾರೆ. 1966ರಲ್ಲಿ ಬೀಟಲ್ಸ್ ಟೋಕ್ಯೋದ ಬುದೋಕನ್‌ಗೆ ಬಂದಾಗ ಇವರು ಹದಿಹರೆಯದವರು. ಡೇ ಸರ್ವಿಸ್‌ಗೆ ಬರುವ ಅಜ್ಜ ಒಬ್ಬರು ಹದಿನೆಂಟರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದರೂ ಆಶ್ಚರ್ಯ ಇಲ್ಲ!

ಒಂದು ಗುಂಪಿನಲ್ಲಿ ಎಪ್ಪತ್ತೆರಡರವರೂ ತೊಂಬತ್ತೈದರವರೂ ಇರುತ್ತಾರೆ, ಅಂದರೆ ಒಂದು ಪೂರ್ತಿ ತಲೆಮಾರಿನ ವ್ಯತ್ಯಾಸ. ಎಲ್ಲರಿಗೂ ಹೊಂದುವ ಒಂದೇ ಪಟ್ಟಿ ಇಲ್ಲ. ಬರುವವರ ಹುಟ್ಟಿದ ವರ್ಷ ಬರೆದುಕೊಂಡು, ಪ್ರತಿಯೊಬ್ಬರಿಗೂ ಕೊನೇಪಕ್ಷ ಒಂದು ಹಾಡು ಅವರದೇ ಪ್ರಾಯದ ಕಾಲದ್ದು ಇರುವ ಹಾಗೆ ನೋಡಿಕೊಳ್ಳಿ. ಅಷ್ಟಾದರೆ ಅರ್ಧ ಕೆಲಸ ಮುಗಿದ ಹಾಗೆ.

ಯಾವ ಹಾಡುಗಳು

ತೊಂಬತ್ತೈದರ ಆಸುಪಾಸಿನವರಿಗೆ ಯುದ್ಧ ಮುಗಿದ ಕೂಡಲೇ ಬಂದ ಹಾಡುಗಳು. ‘ರಿಂಗೊ ನೊ ಉತ’, ಸೇಬಿನ ಹಾಡು, 1945ರ ಒಂದು ಸಿನಿಮಾದ್ದು. ನಮಿಕಿ ಮಿಚಿಕೊ ಹಾಡಿದ್ದು, ರೆಕಾರ್ಡ್ ಬಂದಿದ್ದು 1946ರ ಆರಂಭದಲ್ಲಿ. ಸುಟ್ಟು ಹೋದ ಊರುಗಳಲ್ಲಿ, ಹೊಟ್ಟೆಗೆ ಸರಿಯಾಗಿ ಇಲ್ಲದ ದಿನಗಳಲ್ಲಿ ರೇಡಿಯೋದಿಂದ ಬಂದ ಹಗುರವಾದ ಹಾಡು ಅದು. ನಗುತ್ತಾ ಹಾಡುವವರಿಗೂ ಅದರಲ್ಲಿ ಹಸಿವಿನ ನೆನಪು ಇರುತ್ತದೆ, ಅದು ನಿಮ್ಮ ಗಮನದಲ್ಲಿರಲಿ. 1948ರ ‘ಟೋಕ್ಯೋ ಬೂಗಿ ವೂಗಿ’ ಕಸಗಿ ಶಿಝುಕೊ ಅವರದು, ಸಂಗೀತ ಹತ್ತೋರಿ ರ್‍ಯೋಇಚಿ. ಆಕೆಯ ಬದುಕನ್ನು ಆಧರಿಸಿ ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆ ಬೆಳಗಿನ ಧಾರಾವಾಹಿ 2023ರಲ್ಲಿ ಶುರುವಾದ ಮೇಲೆ ಚಿಕ್ಕ ವಯಸ್ಸಿನ ಸಿಬ್ಬಂದಿಗೂ ಈ ಹಾಡು ಗೊತ್ತು, ಅದು ನಿಮಗೆ ಅನುಕೂಲ. 1949ರ ‘ಅವೊಯ್ ಸನ್‌ಮ್ಯಾಕು’ ಮತ್ತು ‘ಗಿಂಝಾ ಕಂಕಂ ಮುಸುಮೆ’ ಎರಡೂ ನಡಿಗೆಯ ಲಯದವು, ಕೂತಲ್ಲೇ ಕಾಲು ಆಡಿಸಲು ಹೇಳಿ ಮಾಡಿಸಿದ ಹಾಗಿವೆ. 1954ರ ‘ಒತೊಮಿಸಾನ್’ ಬಂತು ಅಂದರೆ ಯಾರೂ ಹೇಳದೆಯೇ ಚಪ್ಪಾಳೆ ಶುರುವಾಗುತ್ತದೆ.

ಎಂಬತ್ತರ ಮೇಲಿನವರಿಗೆ 1960ರ ದಶಕ. ಇದು ನಿಜಕ್ಕೂ ಗಣಿ. ‘ಉವೆ ಒ ಮುಯಿತೆ ಅರುಕೋ’ ಇಲ್ಲದೆ ಯಾವ ಹಾಡಿನ ಕೂಟವೂ ಇಲ್ಲ. 1961ರಲ್ಲಿ ಸಕಮೋತೊ ಕ್ಯೂ ಹಾಡಿದ್ದು, 1963ರಲ್ಲಿ ‘ಸುಕಿಯಾಕಿ’ ಅನ್ನುವ ಹೆಸರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಇದನ್ನು ಹಾಡಿಸುವ ಮುಂಚೆ ಹೇಳಿ ನೋಡಿ, ಎಲ್ಲರ ಬೆನ್ನೂ ಸ್ವಲ್ಪ ನೆಟ್ಟಗಾಗುತ್ತದೆ. 1961ರದೇ ‘ಸೂದರ ಬುಶಿ’ ಉಎಕಿ ಹಿತೋಶಿ ಅವರದು, ಬೇಜವಾಬ್ದಾರಿ ಗಂಡಸಿನ ತಮಾಷೆ ಹಾಡು, ಅದರ ಕೈ ಬೀಸುವ ಕುಣಿತ ಎಲ್ಲರಿಗೂ ಗೊತ್ತು. ಮುಖ ಗಂಟು ಹಾಕಿಕೊಂಡು ಕೂತಿರುವ ಗಂಡಸರನ್ನು ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಹಾಡು ನನಗೆ ಸಿಕ್ಕಿಲ್ಲ. 1962ರ ‘ಇತ್ಸುದೆಮೊ ಯುಮೆ ಒ’ ಯುಗಳ ಗೀತೆ: ಹಶಿ ಯುಕಿಓ ಮತ್ತು ಯೊಶಿನಗ ಸಯುರಿ. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು ಅಂತ ಹಂಚಿ. 1964ರ ಒಲಿಂಪಿಕ್ಸ್‌ಗಾಗಿ ಬಂದ ‘ಟೋಕ್ಯೋ ಗೊರಿನ್ ಒಂದೊ’, 1970ರ ಒಸಾಕಾ ಎಕ್ಸ್‌ಪೋಗಾಗಿ 1967ರಲ್ಲೇ ಬಂದ ‘ಸೆಕಾಯ್ ನೊ ಕುನಿ ಕರ ಕೊನ್ನಿಚಿವಾ’, ಇವೆರಡರಲ್ಲೂ ಮಿನಮಿ ಹರುಓ ಅವರ ದನಿಯೇ ಜನರಿಗೆ ನೆನಪು.

1968ರ ‘365 ಹೊ ನೊ ಮಾಚಿ’ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸುಇಝೆಂಜಿ ಕಿಯೊಕೊ ಹಾಡಿದ ಇದು ದಿನಕ್ಕೊಂದು ಹೆಜ್ಜೆ ಇಡು ಅನ್ನುವ ಅರ್ಥದ ಮಾರ್ಚ್. ಬಿದ್ದು ಸೊಂಟ ಮುರಿದು, ಆಪರೇಷನ್ ಆಗಿ ಮತ್ತೆ ನಡಿಗೆ ಕಲಿಯುತ್ತಿರುವವರು ಇದನ್ನು ಹಾಡುವಾಗ ಆ ಮಾತು ಅವರದೇ ಆಗುತ್ತದೆ. ಫಿಸಿಯೋಥೆರಪಿಯವರು ಇದನ್ನು ಹಾಕಿ ನಡೆಸುವುದನ್ನೂ ನೋಡಿದ್ದೇನೆ.

ಎಪ್ಪತ್ತರ ಆಸುಪಾಸಿನವರಿಗೆ ಒಝಾಕಿ ಕಿಯೊಹಿಕೊ ಅವರ ‘ಮತ ಅಉ ಹಿ ಮದೆ’ (1971), ಕೊಯನಗಿ ರುಮಿಕೊ ಅವರ ‘ಸೆತೊ ನೊ ಹನಯೊಮೆ’ (1972), ಪಿಂಕ್ ಲೇಡಿ ಅವರ ‘ಯುಎಫ್‌ಓ’ (1977), ಸಾಯ್ಜೋ ಹಿದೆಕಿ ಅವರ ‘ಯಂಗ್ ಮ್ಯಾನ್’ (1979). ಕೊನೆಯದರಲ್ಲಿ ವೈ, ಎಂ, ಸಿ, ಎ ಅನ್ನುವ ನಾಲ್ಕು ಅಕ್ಷರಗಳನ್ನು ಕೈಯಲ್ಲಿ ಮಾಡಿ ತೋರಿಸುವುದು ಗೊತ್ತಲ್ವಾ, ಅದನ್ನು ಕುರ್ಚಿಯಲ್ಲಿ ಕೂತೇ ಮಾಡಬಹುದು.

ಮಕ್ಕಳ ಹಾಡು ಬೇಡವೇ?

ಬೇಕು, ಆದರೆ ಉಪ್ಪಿನಕಾಯಿಯಷ್ಟು. ‘ಯೂಯಕೆ ಕೊಯಕೆ’, ‘ಫುರುಸತೊ’ ಇವು ಎಲ್ಲ ವಯಸ್ಸಿನವರಿಗೂ ಗೊತ್ತಿರುವ ಹಾಡುಗಳು. ‘ಫುರುಸತೊ’ 1914ರ ಶಾಲಾ ಪುಸ್ತಕದ್ದು. ಗುಂಪು ಇನ್ನೂ ಬೆಚ್ಚಗಾಗದೇ ಇರುವಾಗ ಇಂಥದ್ದೊಂದರಿಂದ ಶುರು ಮಾಡಿದರೆ ಯಾರೂ ಹೊರಗೆ ಉಳಿಯುವುದಿಲ್ಲ. ‘ಶಿಯವಸೆ ನರ ತೆ ಒ ತತಕೋ’ ನಮಗೂ ಹೊಸದಲ್ಲ. ‘ಇಫ್ ಯೂ ಆರ್ ಹ್ಯಾಪಿ’ ಅಂತ ನಮ್ಮ ನರ್ಸರಿ ಶಾಲೆಗಳಲ್ಲಿ ಚಪ್ಪಾಳೆ ತಟ್ಟಿಸುತ್ತಾರಲ್ಲ, ಅದೇ ಮಟ್ಟು. ಕಿಮುರ ರಿಹಿತೊ ಅನ್ನುವವರು 1959ರಲ್ಲಿ ಫಿಲಿಪ್ಪೀನ್ಸ್‌ಗೆ ಹೋದಾಗ ಮಕ್ಕಳು ಹಾಡುತ್ತಿದ್ದ ಮಟ್ಟು ಕೇಳಿ ಅದಕ್ಕೆ ಜಪಾನೀಸ್ ಮಾತು ಕೂಡಿಸಿದರು, 1964ರಲ್ಲಿ ಸಕಮೋತೊ ಕ್ಯೂ ಹಾಡಿ ಮನೆಮಾತಾಯಿತು. ಹೊಸದಾಗಿ ಸೇರಿದವರಿಗೆ ಮೊದಲ ದಿನಕ್ಕೆ ಇದು ಸಾಕು, ಮಟ್ಟು ಕಲಿಯುವ ಕಷ್ಟವೇ ಇಲ್ಲ.

ಆದರೆ ಮಕ್ಕಳ ಹಾಡು ಹಾಡಿಸುವಾಗ ಮಕ್ಕಳ ಜೊತೆ ಮಾತಾಡುವ ದನಿ ಬೇಡ. ‘ವಾವ್, ಎಷ್ಟು ಚೆನ್ನಾಗಿ ಹಾಡಿದ್ರಿ!’ ಅಂತ ಎಳೆದು ಎಳೆದು ಹೇಳಬೇಡಿ. ನಮ್ಮೂರಲ್ಲಿ ಅಜ್ಜಿ, ತಾತ ಅಂದರೆ ಪ್ರೀತಿ. ಇಲ್ಲಿ ಕೆಲಸದ ಜಾಗದಲ್ಲಿ ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯುವುದೇ ಮರ್ಯಾದೆ. ಮೈಕ್ ಹಿಡಿದಾಗಲೂ ಅದನ್ನು ಬಿಡಬೇಡಿ.

ನಮ್ಮ ಗಂಟಲಿಗೆ ಈ ಹಾಡು ಹೇಗೆ ಕೂರಿಸೋದು

ಹಾಡಿನ ಸಾಹಿತ್ಯವನ್ನು ನಿಮಗೋಸ್ಕರ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಜಪಾನೀಸ್‌ನಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ. ನಮ್ಮ ಲಿಪಿಯಲ್ಲೂ ಬೇರೆ ಬೇರೆ. ಒತ್ತಕ್ಷರವೂ ನಮ್ಮಲ್ಲಿ ಸಲೀಸು. ಒಂದು ವಿಷಯ ಮಾತ್ರ ಅಭ್ಯಾಸ ಮಾಡಬೇಕು: ಅವರ ‘ನ್’ ತನ್ನದೇ ಒಂದು ಮಾತ್ರೆ ತೆಗೆದುಕೊಳ್ಳುತ್ತದೆ. ನಾವು ‘ರಿಂ-ಗೊ’ ಅಂತ ಎರಡೇಟಿಗೆ ಮುಗಿಸುತ್ತೇವೆ, ಅವರು ‘ರಿ-ನ್-ಗೊ’ ಅಂತ ಮೂರು ಎಣಿಸುತ್ತಾರೆ. ಇದು ಕೈಗೆ ಬಂದರೆ ಸಾಲು ತಾಳದ ಮೇಲೆ ಸರಿಯಾಗಿ ಕೂರುತ್ತದೆ.

ಚಿಕ್ಕವರಿದ್ದಾಗ ಸರಳೆ ಜಂಟಿ ಕಲಿತವರಿಗೆ ಒಂದು ಸಂತೋಷದ ಸುದ್ದಿ. ‘ಯೂಯಕೆ ಕೊಯಕೆ’, 1977ರಲ್ಲಿ ಸೆನ್ ಮಸಓ ಹಾಡಿದ ‘ಕಿತಗುನಿ ನೊ ಹರು’, ಹೀಗೆ ತುಂಬಾ ಹಾಡುಗಳು ನಿಂತಿರುವುದು ಐದೇ ಸ್ವರಗಳ ಮೇಲೆ: ಸ ರಿ ಗ ಪ ದ. ನಮ್ಮ ಮೋಹನ ರಾಗದ್ದೇ ಸ್ವರಗಳು. ಅದಕ್ಕೇ ಮೊದಲ ಸಲ ಕೇಳಿದರೂ ಎಲ್ಲೋ ಕೇಳಿದ ಹಾಗೆ ಅನ್ನಿಸುತ್ತದೆ. ಗಮಕ ಮಾತ್ರ ಬೇಡ, ಸ್ವರ ನೇರವಾಗಿ ಹಿಡಿಯಿರಿ. ಇಲ್ಲದಿದ್ದರೆ ಅವರು ಹಾಡೋದು ನಿಲ್ಲಿಸಿ ನಿಮ್ಮನ್ನೇ ನೋಡುತ್ತಾ ಕೂರುತ್ತಾರೆ.

ಶ್ರುತಿ ಇನ್ನೂ ಮುಖ್ಯ. ವಯಸ್ಸಾದಂತೆ ಹೆಂಗಸರ ದನಿ ಸಾಮಾನ್ಯವಾಗಿ ಇಳಿಯುತ್ತದೆ. ಮೂಲ ಹಾಡಿನ ಶ್ರುತಿಯಲ್ಲೇ ಹಾಕಿದರೆ ಮೇಲಿನ ಸ್ವರ ಬಂದಾಗ ಅರ್ಧ ಜನ ಬಾಯಿ ಮುಚ್ಚುತ್ತಾರೆ. ಕರೋಕೆ ಮಷಿನ್ ಇದ್ದರೆ ರಿಮೋಟಿನಲ್ಲಿ ಕೀ ಬಟನ್ನಿನ ಮೈನಸ್ ಎರಡು ಸಲ ಒತ್ತಿ, ಅಂದರೆ ಒಂದು ಮನೆ ಕೆಳಗೆ. ಅದೂ ಸಾಲದಿದ್ದರೆ ಇನ್ನೊಂದು ಒತ್ತಿ. ವೇಗವನ್ನೂ ಒಂಚೂರು ಕಮ್ಮಿ ಮಾಡಿ. ಜಾಸ್ತಿ ಕಮ್ಮಿ ಮಾಡಿದರೆ ಉಸಿರು ಸಾಲದೆ ಸಾಲು ಮಧ್ಯದಲ್ಲೇ ತುಂಡಾಗುತ್ತದೆ, ಖುಷಿಯ ಹಾಡು ಅಳುವ ಹಾಡಾಗುತ್ತದೆ. ಹಿರಿಯರು ಅಂತ ಎಲ್ಲವನ್ನೂ ಎಳೆಯುವ ಅಗತ್ಯ ಇಲ್ಲ.

ಕರೋಕೆ ಹುಟ್ಟಿದ್ದೂ ಇದೇ ದೇಶದಲ್ಲಿ. 1971ರಲ್ಲಿ ಕೋಬೆ ಊರಿನ ಇನೊಉಎ ದೈಸುಕೆ ತಾವು ಮಾಡಿಸಿದ ಮಷಿನ್‌ಗಳನ್ನು ಬಾಡಿಗೆಗೆ ಬಿಟ್ಟರು. ಈಗ ಹಿರಿಯರ ಕೇಂದ್ರಗಳಿಗಾಗಿಯೇ ವ್ಯಾಯಾಮ, ಹಳೆಯ ವಿಡಿಯೋ ಎಲ್ಲ ಸೇರಿಸಿದ ಕರೋಕೆ ವ್ಯವಸ್ಥೆಗಳು ಸಿಗುತ್ತವೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಏನೂ ಕೊರತೆ ಇಲ್ಲ, ಒಂದು ಸಣ್ಣ ಕೀಬೋರ್ಡ್, ಅದೂ ಇಲ್ಲದಿದ್ದರೆ ಬರೀ ಚಪ್ಪಾಳೆ. ಒಬ್ಬೊಬ್ಬರೇ ಮೈಕ್ ಹಿಡಿದು ಹಾಡುವ ಕರೋಕೆಯಲ್ಲಿ ನಾಲ್ಕು ಜನ ಹಾಡುತ್ತಾರೆ, ಉಳಿದವರು ತೂಕಡಿಸುತ್ತಾರೆ. ಒಟ್ಟಿಗೆ ಹಾಡುವುದು ಬೇರೆಯದೇ ರುಚಿ. 1950ರ ದಶಕದಿಂದ ಟೋಕ್ಯೋದ ಶಿಂಜುಕು ಕಡೆ ‘ಉತಗೋಎ ಕಿಸ್ಸ’ ಅನ್ನುವ ಕಾಫಿ ಅಂಗಡಿಗಳು ಇದ್ದವು. ಅಕಾರ್ಡಿಯನ್ ನುಡಿಸುವವರ ಸುತ್ತ ಅಂಗಡಿಯಲ್ಲಿ ಕೂತ ಗುರುತು ಪರಿಚಯ ಇಲ್ಲದ ಜನರೆಲ್ಲ ಸೇರಿ ಹಾಡುತ್ತಿದ್ದರು. ಹಳ್ಳಿಯಿಂದ ಕೆಲಸಕ್ಕೆ ಬಂದ ಒಂಟಿ ಹುಡುಗ ಹುಡುಗಿಯರು ಅಲ್ಲಿಗೆ ಹೋಗುತ್ತಿದ್ದರು. ನಿಮ್ಮ ಮುಂದೆ ಕೂತವರಲ್ಲಿ ಅಲ್ಲಿಗೆ ಹೋಗುತ್ತಿದ್ದವರು ಇದ್ದರೂ ಇರಬಹುದು, ಕೇಳಿ ನೋಡಿ.

ಸಾಹಿತ್ಯ ಎಲ್ಲಿ ಬರೆಯಬೇಕು

ಕೈಗೆ ಕಾಗದ ಕೊಟ್ಟರೆ ತಲೆ ಬಗ್ಗುತ್ತದೆ, ತಲೆ ಬಗ್ಗಿದರೆ ಗಂಟಲು ಮಡಚಿ ದನಿ ಒಳಗೇ ಉಳಿಯುತ್ತದೆ, ಎದುರಿನವರ ಮುಖವೂ ಕಾಣುವುದಿಲ್ಲ. ದೊಡ್ಡ ಹಾಳೆ ತಗೊಂಡು, ಇಲ್ಲಿ ನೂರು ಯೆನ್ ಅಂಗಡಿಯಲ್ಲೇ ಸಿಗುತ್ತದೆ, ಕಪ್ಪು ಮಾರ್ಕರ್‌ನಲ್ಲಿ ದಪ್ಪಗೆ ಬರೆದು ವೈಟ್‌ಬೋರ್ಡಿಗೆ ಅಂಟಿಸಿ. ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳ ಮೇಲೆ, ಅವುಗಳ ಉಚ್ಚಾರಣೆಯನ್ನೂ ಸಣ್ಣದಾಗಿ ಬರೆದಿರಲಿ. ಹಿಂದಿನ ಸಾಲಿನಲ್ಲಿ ಕೂತು ನೀವೇ ಒಂದು ಸಲ ನೋಡಿ, ನಿಮಗೆ ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಅವರಿಗೆ ಕಾಣುವುದೇ ಇಲ್ಲ. ಈ ಶೋವಾ ಹಾಡುಗಳಲ್ಲಿ ಹೆಚ್ಚಿನವುಗಳ ಸಾಹಿತ್ಯಕ್ಕೆ ಇನ್ನೂ ಹಕ್ಕುಸ್ವಾಮ್ಯ ಇರುತ್ತದೆ, ಝೆರಾಕ್ಸ್ ಮಾಡಿ ಹಂಚುವ ಮುಂಚೆ ಕೇಂದ್ರದವರನ್ನು ಕೇಳಿ, ಅಚ್ಚಾದ ಹಾಡಿನ ಪುಸ್ತಕ ಕೊಂಡರೆ ತಲೆನೋವಿಲ್ಲ.

ಕಣ್ಣು ಮಂಜಾದವರಿಗೆ ಇನ್ನೊಂದು ಉಪಾಯ ಇದೆ. ಪ್ರತಿ ಸಾಲು ಶುರುವಾಗುವ ಮುಂಚಿನ ಸಣ್ಣ ಬಿಡುವಿನಲ್ಲಿ ನೀವು ಆ ಸಾಲಿನ ಮೊದಲ ಎರಡು ಪದ ಮಾತಿನಲ್ಲಿ ಹೇಳಿ. ಅಷ್ಟು ಎಳೆ ಸಿಕ್ಕರೆ ಸಾಕು, ಉಳಿದದ್ದು ಅವರ ಒಳಗಿಂದ ಬರುತ್ತದೆ. ಭಾಷೆ ಕಲಿಯುವ ನಮಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ.

‘ತಂಕೋ ಬುಶಿ’ಯನ್ನು ಕುರ್ಚಿಯಲ್ಲಿ ಕೂತು ಕುಣಿಯೋಣ

ಬೇಸಿಗೆಯ ಬೊನ್ ಹಬ್ಬದಲ್ಲಿ ಊರವರೆಲ್ಲ ಸುತ್ತು ಕಟ್ಟಿ ಕುಣಿಯುವ ಹಾಡಿದು, ಹುಟ್ಟಿದ್ದು ಕ್ಯೂಶು ದ್ವೀಪದ ಫುಕುಓಕಾ ಕಡೆಯ ಕಲ್ಲಿದ್ದಲು ಗಣಿಗಳಲ್ಲಿ. ಹಾಡಿನಲ್ಲಿ ಬರುವ ಮಿಇಕೆ ಗಣಿ 1997ರಲ್ಲಿ ಮುಚ್ಚಿತು, 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕುಣಿತ ಮಾತ್ರ ದೇಶದ ತುಂಬಾ ನಡೆಯುತ್ತಲೇ ಇದೆ. ಅದರ ಹೆಚ್ಚಿನ ಚಲನೆಗಳು ಗಣಿ ಕೆಲಸವೇ ಆಗಿರುವುದರಿಂದ ಕಲಿಯೋದು ಸುಲಭ.

ಮೊದಲು ಎರಡೂ ಕೈಯಲ್ಲಿ ಸಲಿಕೆ ಹಿಡಿದ ಹಾಗೆ ಬಲಕ್ಕೆ ಅಗೆಯಿರಿ, ಆಮೇಲೆ ಎಡಕ್ಕೆ. ಅಗೆದದ್ದನ್ನು ಬಲ ಹೆಗಲ ಮೇಲೆ ಎಸೆದುಕೊಳ್ಳಿ, ಎಡ ಹೆಗಲ ಮೇಲೆ. ಒಂದು ಕೈ ಹಣೆಗೆ ಅಡ್ಡ ಹಿಡಿದು ಚಂದ್ರನನ್ನು ನೋಡಿ, ಇನ್ನೊಂದು ಕೈಯಲ್ಲೂ ಹಾಗೆಯೇ. ನಿಂತು ಕುಣಿಯುವಾಗ ಇಲ್ಲಿ ಹಿಂದೆ ಹೆಜ್ಜೆ ಇಡುತ್ತಾರೆ, ಕೂತವರು ಬೆನ್ನನ್ನು ಕುರ್ಚಿಗೆ ಒರಗಿಸಿದರೆ ಸಾಕು. ಈಗ ಎರಡೂ ಅಂಗೈ ಮುಂದೆ ಮಾಡಿ ಗಾಡಿ ತಳ್ಳಿ, ಇನ್ನೊಮ್ಮೆ ತಳ್ಳಿ. ಕೈಗಳನ್ನು ಬದಿಗೆ ಬಿಚ್ಚಿ, ಕೊನೆಗೆ ಚಪ್ಪಾಳೆ. ಮೊದಲ ಸಲ ಹಾಡಿಲ್ಲದೆ ಬರೀ ಮಾತಿನಲ್ಲಿ, ಎರಡನೇ ಸಲ ನಿಧಾನವಾಗಿ ಹಾಡಿಕೊಂಡು, ಮೂರನೇ ಸಲ ರೆಕಾರ್ಡ್ ಹಾಕಿ. ನೀವು ಅವರ ಎದುರು ನಿಂತು ಮಾಡುವುದರಿಂದ ಎಡ ಬಲ ತಿರುಗುಮುರುಗಾಗಿ ಮಾಡಬೇಕು, ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬನ್ನಿ. ಊರೂರಿಗೂ ಸ್ವಲ್ಪ ಬೇರೆ ಥರ ಇರುತ್ತದೆ, ಯಾರಾದರೂ ‘ನಮ್ಮಲ್ಲಿ ಹೀಗಲ್ಲ’ ಅಂದರೆ ತಕ್ಷಣ ಅವರನ್ನೇ ಮುಂದೆ ಕರೆದು ಕಲಿಸಲು ಹೇಳಿ. ಆ ಕ್ಷಣದಲ್ಲಿ ಅವರು ಆರೈಕೆ ಪಡೆಯುವವರಲ್ಲ, ಮೇಷ್ಟ್ರು.

ಇಂಥ ಜನಪದ ಹಾಡುಗಳಲ್ಲಿ ಸಾಲಿನ ಮಧ್ಯೆ ಎಲ್ಲರೂ ಕೂಗುವ ಸೊಲ್ಲುಗಳಿರುತ್ತವೆ, ‘ಯೊಯ್ ಯೊಯ್’, ‘ದೊಕ್ಕೊಯ್ಶೊ’ ಅಂತ. ಇವನ್ನು ಸದರ ಮಾಡಬೇಡಿ. ಮರೆವಿನ ಕಾಯಿಲೆ ತುಂಬಾ ಮುಂದುವರಿದು ದಿನವಿಡೀ ಒಂದು ಮಾತೂ ಆಡದ ಒಬ್ಬರು ನಮ್ಮ ಗುಂಪಿನಲ್ಲಿ ಇದ್ದರು, ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಚಂದ್ರ ಬಂದ ಸಾಲು ಮುಗಿದದ್ದೇ, ಸರಿಯಾದ ಜಾಗದಲ್ಲಿ, ಸರಿಯಾದ ಏರು ದನಿಯಲ್ಲಿ ‘ಯೊಯ್ ಯೊಯ್’ ಅಂದರು. ಮುಂದಿನ ಸಾಲಿಗೂ ಅಂದರು. ಪಕ್ಕದಲ್ಲಿ ಕೂತವರು ಅವರ ಕೈ ಹಿಡಿದುಕೊಂಡು ನಗಲು ಶುರು ಮಾಡಿದರು. ಸಾಹಿತ್ಯ ಪೂರ್ತಿ ಹೋದವರಲ್ಲೂ ಈ ಸೊಲ್ಲು ಉಳಿದಿರುತ್ತದೆ, ಅದಕ್ಕೇ ವಾರಕ್ಕೆ ಒಂದಾದರೂ ಇಂಥ ಹಾಡು ಇರಲಿ.

ಹುಟ್ಟಿದ ಊರನ್ನೂ ಕೇಳಿಕೊಳ್ಳಿ. ಹೊಕ್ಕೈದೋ ಕಡೆಯವರಿಗೆ ಹೆರಿಂಗ್ ಮೀನುಗಾರರ ‘ಸೋರನ್ ಬುಶಿ’, ಯಮಗತದವರಿಗೆ ‘ಹನಗಸ ಒಂದೊ’, ಒಕಿನಾವಾದವರಿಗೆ ‘ಅಸದೊಯ ಯುಂತ’. ಕೋಚಿ ಊರಿನ ಯೊಸಕೊಯ್ ಹಬ್ಬದ ‘ನರುಕೊ’ ಅನ್ನುವ ಮರದ ಚಿಟಿಕೆ ಇದೆಯಲ್ಲ, ಅದು ಹಗುರ, ಒಂದೇ ಕೈಯಲ್ಲಿ ಆಡಿಸಬಹುದು. ಪಾರ್ಶ್ವವಾಯು ಆಗಿ ಒಂದು ಕೈ ಬಾರದವರು ಚಪ್ಪಾಳೆ ತಟ್ಟಲಾರರು, ಅವರಿಗೆ ಇದನ್ನು ಕೊಡಿ. ಅಥವಾ ಸರಿ ಇರುವ ಕೈಯಿಂದ ತೊಡೆ ತಟ್ಟಿದರೂ ಆಯಿತು.

ಹಾಡಿನ ನಡುವಿನ ಮಾತು

ನಲವತ್ತು ನಿಮಿಷಕ್ಕೆ ಆರು ಅಥವಾ ಏಳು ಹಾಡು ಸಾಕು. ಹದಿನೈದು ಹಾಡು ತುರುಕಬೇಡಿ. ಹಾಡು ಮುಗಿದ ಮೇಲೆ ಬರುವ ಮಾತಿಗೆ ಜಾಗ ಬೇಕು, ನಿಜವಾದ ಸಂತೋಷ ಇರೋದು ಅಲ್ಲೇ. ‘ಟೋಕ್ಯೋ ಗೊರಿನ್ ಒಂದೊ’ ಆದ ಮೇಲೆ ‘1964ರ ಒಲಿಂಪಿಕ್ಸ್ ಎಲ್ಲಿ ನೋಡಿದ್ರಿ?’ ಅಂತ ಕೇಳಿ. ಪಕ್ಕದ ಮನೆಯ ಟಿವಿ, ಅಂಗಡಿ ಮುಂದೆ ನಿಂತು ನೋಡಿದ್ದು, ಸಾಲ ಮಾಡಿ ತಂದ ಟಿವಿ, ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಮುಂದುವರಿಸುತ್ತಾರೆ. ನಿಮಗೆ ಎಲ್ಲ ಅರ್ಥವಾಗದಿದ್ದರೂ ಚಿಂತೆ ಇಲ್ಲ. ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ, ಅದೇ ಬೇಕಾಗಿರೋದು. ಹೊರದೇಶದವರು ಅನ್ನುವುದೂ ಇಲ್ಲಿ ಲಾಭವೇ. ನಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಿರುವುದರಿಂದ ಬಿಡಿಸಿ ಬಿಡಿಸಿ ಹೇಳುತ್ತಾರೆ.

ಎಲ್ಲ ಪ್ರಶ್ನೆಯೂ ಕೇಳುವಂಥದ್ದಲ್ಲ. 1963ರ ‘ಕೋಕೋ ಸನ್ನೆನ್‌ಸೇ’ ಹೈಸ್ಕೂಲಿನ ಕೊನೆಯ ವರ್ಷದ ಹಾಡು, ಎಲ್ಲರೂ ಇಷ್ಟಪಡುತ್ತಾರೆ. ಆದರೆ ‘ನೀವು ಯಾವ ಹೈಸ್ಕೂಲು?’ ಅಂತ ಕೇಳಬೇಡಿ. 1955ರ ಸುಮಾರಿಗೆ ಹೈಸ್ಕೂಲಿಗೆ ಹೋಗುತ್ತಿದ್ದವರು ಅರ್ಧದಷ್ಟು ಜನ ಮಾತ್ರ. ಉಳಿದವರಲ್ಲಿ ಎಷ್ಟೋ ಮಕ್ಕಳು ಹದಿನೈದಕ್ಕೇ ಗುಂಪು ಗುಂಪಾಗಿ ರೈಲು ಹತ್ತಿ ಟೋಕ್ಯೋದ ಫ್ಯಾಕ್ಟರಿ, ಅಂಗಡಿಗಳಿಗೆ ದುಡಿಯಲು ಬಂದವರು, ಉತ್ತರದ ಕಡೆಯವರು ಇಳಿಯುತ್ತಿದ್ದುದು ಉಎನೊ ಸ್ಟೇಷನ್ನಿನಲ್ಲಿ. ತಮಗೆ ಸಿಗದ ಹೈಸ್ಕೂಲನ್ನು ಈ ಹಾಡಿನಲ್ಲಿ ಹಾಡುವವರಿದ್ದಾರೆ. ‘ಆ ವಯಸ್ಸಿನಲ್ಲಿ ಏನು ಮಾಡ್ತಿದ್ರಿ?’ ಅಂದರೆ ಎಲ್ಲರೂ ಉತ್ತರ ಕೊಡಬಹುದು.

ಎನ್‌ಎಚ್‌ಕೆಯ ‘ನೊದೊಜಿಮಾನ್’ ಕಾರ್ಯಕ್ರಮ 1946ರಿಂದ ನಡೆಯುತ್ತಿದೆ. ಭಾನುವಾರ ಮಧ್ಯಾಹ್ನ ಸಾಮಾನ್ಯ ಜನ ಹಾಡುತ್ತಾರೆ, ಚೆನ್ನಾಗಿದ್ದರೆ ಗಂಟೆ ಉದ್ದಕ್ಕೆ ಮೊಳಗುತ್ತದೆ, ಇಲ್ಲದಿದ್ದರೆ ಒಂದೋ ಎರಡೋ ಏಟು. ಯಾರಾದರೂ ಒಬ್ಬರೇ ಹಾಡಲು ಮುಂದೆ ಬಂದರೆ ಆಟಿಕೆಯ ಲೋಹದ ಪಟ್ಟಿಯಲ್ಲಾದರೂ ಆ ಗೆಲುವಿನ ಗಂಟೆ ಬಾರಿಸಿ, ಇಡೀ ಕೋಣೆ ನಗುತ್ತದೆ.

ಎಚ್ಚರ ಇರಲಿ

ಶುರು ಮಾಡುವ ಮುಂಚೆ ವೀಲ್‌ಚೇರ್ ಬ್ರೇಕ್ ಹಾಕಿ, ಕಾಲುಗಳನ್ನು ಫುಟ್‌ರೆಸ್ಟ್‌ನಿಂದ ಇಳಿಸಿ ನೆಲಕ್ಕೆ ಊರಿಸಿ. ‘ಪ ತ ಕ ರ’ ಅಂತ ಬಾಯಿ, ನಾಲಿಗೆ ಆಡಿಸುವ ವ್ಯಾಯಾಮ ಇಲ್ಲಿ ಎಲ್ಲ ಕೇಂದ್ರಗಳಲ್ಲೂ ಗೊತ್ತಿರುತ್ತದೆ, ನುಂಗಲು ಬೇಕಾದ ಸ್ನಾಯುಗಳಿಗೆ ಅದು ಒಳ್ಳೆಯದು, ಅದನ್ನೇ ಒಂದು ಹಾಡಿನ ರಾಗಕ್ಕೆ ಹೇಳಿಸಿದರೆ ಗಂಟಲೂ ಸಿದ್ಧವಾಗುತ್ತದೆ. ಬಾಯಲ್ಲಿ ತಿಂಡಿ ಇರುವಾಗ ಹಾಡಿಸಲೇಬಾರದು. ನಡುವೆ ಒಂದು ಸಲ ಚಹಾ ಕೊಡಿ, ನುಂಗಲು ಕಷ್ಟ ಇರುವವರಿಗೆ ಮಂದ ಮಾಡಿದ್ದು. ಕಿವಿಗೆ ಮಷಿನ್ ಹಾಕಿಕೊಂಡವರಿಗೆ ದೊಡ್ಡ ಶಬ್ದ ಬರೀ ಗದ್ದಲ. ವಾಲ್ಯೂಮ್ ಏರಿಸುವ ಬದಲು ಸ್ಪೀಕರ್ ಅನ್ನು ಅವರ ಮುಂದೆ, ಕಿವಿಯ ಎತ್ತರಕ್ಕೆ ತನ್ನಿ.

ಸೈನ್ಯದ ಹಾಡುಗಳನ್ನು ನೀವಾಗಿ ಹಾಕಬೇಡಿ. ಕೆಲವರು ಕೇಳುತ್ತಾರೆ, ಇನ್ನು ಕೆಲವರು ಎದ್ದು ಹೋಗುತ್ತಾರೆ. ಆಗಸ್ಟ್ ತಿಂಗಳಲ್ಲಿ ಇನ್ನೂ ಜೋಪಾನ. 15ನೇ ತಾರೀಖು ಯುದ್ಧ ಮುಗಿದ ದಿನ. 1985ರ ಆಗಸ್ಟ್ 12ರ ವಿಮಾನ ಅಪಘಾತದಲ್ಲಿ 520 ಜನ ಹೋದರು, ಸಕಮೋತೊ ಕ್ಯೂ ಕೂಡ ಅದರಲ್ಲೇ ಹೋದದ್ದು. ಯಾರಾದರೂ ಆ ಮಾತು ಎತ್ತಿದರೆ ಬೇಗ ಮುಂದಿನ ಹಾಡಿಗೆ ಹಾರಬೇಡಿ, ಕೇಳಿಸಿಕೊಳ್ಳಿ. ಅಳು ಬಂದರೆ ಬರಲಿ, ಪಕ್ಕದಲ್ಲಿ ಕೂತು ಟಿಶ್ಯೂ ಕೊಡಿ, ಸಾಕು.

ಇನ್ನೊಂದು ಸಣ್ಣ ವಿಷಯ, ತುಂಬಾ ಜನ ಗಮನಿಸುವುದಿಲ್ಲ. ಜಪಾನಿನ ಎಷ್ಟೋ ಊರುಗಳಲ್ಲಿ ಸಂಜೆ ಮಕ್ಕಳು ಮನೆಗೆ ಹೋಗಲಿ ಅಂತ ಬೀದಿಯ ಸ್ಪೀಕರ್‌ಗಳಲ್ಲಿ ‘ಯೂಯಕೆ ಕೊಯಕೆ’ ಹಾಕುತ್ತಾರೆ. ಮರೆವಿನ ಕಾಯಿಲೆ ಇರುವವರಿಗೆ ಸಂಜೆ ಹೊತ್ತು ಮೊದಲೇ ಚಡಪಡಿಕೆ. ಮೂರೂವರೆ ನಾಲ್ಕು ಗಂಟೆಗೆ ಈ ಹಾಡನ್ನೋ ‘ಫುರುಸತೊ’ವನ್ನೋ ಹಾಡಿಸಿದರೆ ‘ನಾನು ಮನೆಗೆ ಹೋಗ್ತೀನಿ’ ಅಂತ ಎದ್ದು ನಿಲ್ಲುತ್ತಾರೆ, ವ್ಯಾನ್ ಬರಲು ಇನ್ನೂ ಒಂದು ಗಂಟೆ ಇರುತ್ತದೆ. ಈ ಹಾಡುಗಳು ಶುರುವಿಗೆ ಇರಲಿ. ಕೊನೆಗೆ ಎಲ್ಲರೂ ಕೂಗಿ ಹಾಡುವಂಥದ್ದು, ‘365 ಹೊ ನೊ ಮಾಚಿ’ಯಂಥದ್ದು ಇಡಿ.

ಹಾಡದೆ ಸುಮ್ನೆ ಕೂತವರನ್ನು ಒತ್ತಾಯ ಮಾಡಬೇಡಿ. ಅವರ ಪಾದ ನೋಡಿ, ಬೆರಳು ನೋಡಿ. ಕುರ್ಚಿಯ ಕೈ ಮೇಲೆ ತಾಳ ಬೀಳುತ್ತಿದ್ದರೆ ಅವರೂ ಹಾಡುತ್ತಿದ್ದಾರೆ ಅಂತಲೇ ಅರ್ಥ.

ಮುಗಿದ ಕೂಡಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಯಾವ ಹಾಡಿಗೆ ಯಾರು ಬಾಯಿ ತೆರೆದರು, ಯಾರು ಊರಿನ ವಿಷಯ ಹೇಳಿದರು, ಯಾರು ಯಾವ ಹಾಡು ಬೇಕು ಅಂದರು. ಬೇಕು ಅಂದ ಹಾಡನ್ನು ಮುಂದಿನ ವಾರ ಕಲಿತುಕೊಂಡು ಬಂದು, ‘ಇದು ತನಕಾ ಸಾನ್ ಕೇಳಿದ್ದು’ ಅನ್ನುವ ಹಾಗೆ ಕೇಳಿದವರ ಹೆಸರು ಹೇಳಿಯೇ ಶುರು ಮಾಡಿ. ಮನೆಯವರು ಕರೆದುಕೊಂಡು ಹೋಗಲು ಬಂದಾಗ ಆ ಹಾಡಿನ ಹೆಸರನ್ನು ಅವರಿಗೂ ಹೇಳಿ ಕಳಿಸಿ, ರಾತ್ರಿ ಮನೆಯಲ್ಲಿ ಹಾಕಿ ಕೇಳಿಸಬಹುದು.